ಚಿತ್ರಕಥೆಗೆ ತೀರ್ಪುಗಾರರು ಯಾರು?

(ಜಪಾನಿನ ಮಾಂಗಾ ವಾರಪತ್ರಿಕೆಗಳ ಚರಿತ್ರೆ)

ನಮ್ಮ ಮನೆಯಲ್ಲಿ ಸೋದರಳಿಯನೊಬ್ಬನಿದ್ದಾನೆ. ಭಾನುವಾರ ರಾತ್ರಿ ಎಂಟೂವರೆ ಗಂಟೆಯಾಗುವ ಹೊತ್ತಿಗೆ ಅವನು ಊಟಕ್ಕೆ ಕುಳಿತಿದ್ದರೂ ಅವನ ಮನಸ್ಸು ಅಲ್ಲಿರುವುದಿಲ್ಲ. ಆ ಗಳಿಗೆಗೆ ಸರಿಯಾಗಿ ಟೋಕಿಯೋ ನಗರದಲ್ಲಿ ನಡುರಾತ್ರಿ ಕಳೆದು ಸೋಮವಾರ ಹುಟ್ಟುತ್ತದೆ. ಅಲ್ಲಿಯ ವಾರಪತ್ರಿಕೆಯೊಂದರ ಚಿತ್ರಕಥೆಯ ಹೊಸ ಕಂತು ಇವನ ಕೈಯ ಫೋನಿನಲ್ಲಿ ಇಂಗ್ಲಿಷ್ ಮಾತುಗಳೊಡನೆ ಮೂಡುತ್ತದೆ. ಎಲ್ಲ ಸೇರಿ ಸುಮಾರು ಇಪ್ಪತ್ತು ಪುಟ. ಹತ್ತು ನಿಮಿಷದಲ್ಲಿ ಓದಿ ಮುಗಿಸುವನು. ಅನಂತರ ಮತ್ತೆ ಏಳು ದಿನ ಕಾಯುವನು. ಒಂದು ದಿನ ನಾನು, "ಇದು ಒಳ್ಳೆಯ ಕಥೆಯೆಂದು ನಿನಗೆ ಹೇಳಿದವರು ಯಾರಪ್ಪಾ?" ಎಂದು ಕೇಳಿದೆನು. "ಹೇಳುವುದೇನು ಮಾವ, ಎಲ್ಲರೂ ಓದುತ್ತಾರಲ್ಲ!" ಎಂದನು.

ಈ ಉತ್ತರ ಮೊದಲು ನನಗೆ ನಗೆ ತರಿಸಿತು. ತರುವಾಯ ಚಿಂತೆಗೆ ಹಚ್ಚಿತು. ಹೊಸ ಗ್ರಂಥದ ಗುಣದೋಷಗಳನ್ನು ವಿವೇಚಿಸತಕ್ಕವರು ತಿಳಿದವರೆಂದು ನಾವು ನಂಬಿಕೊಂಡು ಬಂದಿದ್ದೇವೆ. ಕಾವ್ಯಕ್ಕೆ ಸಹೃದಯನೇ ಪ್ರಮಾಣವೆಂದು ನಮ್ಮ ಆಲಂಕಾರಿಕರು ಹೇಳಿದರು. ಆದರೆ ಆ ಸಹೃದಯನು ಬಹುಕಾಲದ ಅಭ್ಯಾಸದಿಂದ ಮನಸ್ಸೆಂಬ ಕನ್ನಡಿಯನ್ನು ಬೆಳಗಿಕೊಂಡವನಾಗಿರಬೇಕೆಂದೂ ಹೇಳಿದರು. ಹಾಗಾದರೆ ವಾರಕ್ಕೊಮ್ಮೆ ಒರಟು ಕಾಗದದ ಮೇಲೆ ಅಚ್ಚಾಗಿ, ಓದಿದ ಮೇಲೆ ರದ್ದಿಗೆ ಬೀಳುವ ಚಿತ್ರಕಥೆಗೆ ಸಹೃದಯನು ಯಾರು? ಅದರ ತೀರ್ಪನ್ನು ಬರೆಯುವವರು ಯಾರು? ಜಪಾನ್ ದೇಶದ ಜನರು ಈ ಪ್ರಶ್ನೆಗೆ ಇನ್ನೂರೈವತ್ತು ವರ್ಷಗಳಿಂದ ಬೇರೆ ಬೇರೆ ಉತ್ತರಗಳನ್ನು ಕೊಡುತ್ತ ಬಂದಿದ್ದಾರೆ. ಆ ಉತ್ತರಗಳ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

೧

ಈಗಿನ ಟೋಕಿಯೋ ನಗರಕ್ಕೆ ಹಿಂದೆ ಎದೋ ಎಂದು ಹೆಸರು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಆ ನಗರದಲ್ಲಿ ಹಳದಿ ಹೊದಿಕೆಯ ಸಣ್ಣ ಪುಸ್ತಕಗಳು ಹೊರಬೀಳುತ್ತಿದ್ದವು. ಹೊದಿಕೆಯ ಬಣ್ಣದಿಂದಲೇ ಅವಕ್ಕೆ 'ಕಿಬ್ಯೋಷಿ' ಎಂಬ ಹೆಸರು ಬಂದಿತು. ಒಂದೊಂದು ಸಂಪುಟಕ್ಕೆ ಐದು ಹಾಳೆ. ಎರಡು ಅಥವಾ ಮೂರು ಸಂಪುಟಗಳಲ್ಲಿ ಕಥೆ ಮುಕ್ತಾಯ. ಪುಟದ ತುಂಬ ಚಿತ್ರ. ಚಿತ್ರದ ಸಂದುಗೊಂದುಗಳಲ್ಲಿ ಕಥೆಯ ಮಾತು, ಪಾತ್ರಗಳ ಸಂಭಾಷಣೆ. ಇಡಿಯ ಪುಟವನ್ನು ಒಂದೇ ಮರದ ಹಲಗೆಯಲ್ಲಿ ಕೆತ್ತಿ ಅಚ್ಚೊತ್ತುತ್ತಿದ್ದುದರಿಂದ ಚಿತ್ರಕ್ಕೂ ಅಕ್ಷರಕ್ಕೂ ಅಲ್ಲಿ ಭೇದವೇ ಇರಲಿಲ್ಲ. ೧೭೭೫ರಲ್ಲಿ ಕೊಯಿಕಾವಾ ಹರುಮಾಚಿ ಎಂಬುವನು ವೈಭವದ ಕನಸು ಕಂಡ ಹಳ್ಳಿಯ ತರುಣನೊಬ್ಬನ ಕಥೆಯನ್ನು ಬರೆದು ಈ ಪ್ರಕಾರವನ್ನು ಮೊದಲು ಮಾಡಿದನು. ಆತನು ಹುಟ್ಟಿನಿಂದ ಸಮುರಾಯಿ, ಎಂದರೆ ಕತ್ತಿ ಕಟ್ಟಿದ ಕುಲದವನು; ಮನಸ್ಸಿನಿಂದ ವಿನೋದಪ್ರಿಯನು.

ಇವು ವಾರಕ್ಕೊಮ್ಮೆ ಬರುತ್ತಿದ್ದ ಪುಸ್ತಕಗಳಲ್ಲ. ಹೊಸವರ್ಷದ ಹಬ್ಬಕ್ಕೆ ಹೊಸ ಬಟ್ಟೆಯಂತೆ ಬರುತ್ತಿದ್ದವು. ಒಟ್ಟಿಗೆ ಹತ್ತಾರು ಪುಸ್ತಕಗಳು ಅಂಗಡಿಗೆ ಬಂದಾಗ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆ ಸಹಜವಾಗಿಯೇ ಹುಟ್ಟಿತು. ಅದಕ್ಕೆ ಉತ್ತರವಾಗಿ ೧೭೮೧ರಲ್ಲಿ ಓತಾ ನಾಂಪೊ ಎಂಬ ಹಾಸ್ಯಕವಿಯು 'ಕಿಕುಜುಸೊ' ಎಂಬ ಸಣ್ಣ ಗ್ರಂಥವನ್ನು ಬರೆದನು. ಅದು ಆ ವರ್ಷದ ಚಿತ್ರಪುಸ್ತಕಗಳ ವಿಮರ್ಶೆಯಲ್ಲದೆ ಬೇರಲ್ಲ. ಕಬುಕಿ ನಾಟಕದ ನಟರಿಗೆ 'ಉತ್ತಮ', 'ಉತ್ತಮೋತ್ತಮ' ಎಂಬಂತೆ ದರ್ಜೆ ಕೊಟ್ಟು ಪುಸ್ತಕ ಬರೆಯುವ ಪದ್ಧತಿ ಅಲ್ಲಿ ಮೊದಲೇ ಇದ್ದಿತು. ನಾಂಪೊ ಅದೇ ಪದ್ಧತಿಯನ್ನು ಚಿತ್ರಕಥೆಗಳಿಗೆ ಅನ್ವಯಿಸಿದನು. ಮರುವರ್ಷ ಅಂಥದೇ ಇನ್ನೊಂದು ಗ್ರಂಥವನ್ನು ಬರೆದು ಅದಕ್ಕೆ 'ಒಕಾಮೆ ಹಾಚಿಮೊಕು' ಎಂದು ಹೆಸರಿಟ್ಟನು. ಇದು 'ಗೋ' ಎಂಬ ಹಾಸಿನಾಟಕ್ಕೆ ಸಂಬಂಧಿಸಿದ ಗಾದೆ: ಆಡುವವನಿಗಿಂತ ಪಕ್ಕದಲ್ಲಿ ಕುಳಿತು ನೋಡುವವನಿಗೆ ಎಂಟು ನಡೆ ಹೆಚ್ಚು ಕಾಣುತ್ತದೆಂದು ಅದರ ಅಭಿಪ್ರಾಯ. ವಿಮರ್ಶಕನ ಸ್ಥಾನವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಆ ಎರಡನೆಯ ಗ್ರಂಥದಲ್ಲಿ ನಾಂಪೊ ಅತ್ಯುನ್ನತ ಸ್ಥಾನ ಕೊಟ್ಟದ್ದು ಸಾಂತೊ ಕ್ಯೋದೆನ್ ಎಂಬುವನ ಪುಸ್ತಕಕ್ಕೆ. ಆಗ ಕ್ಯೋದೆನನಿಗೆ ಇಪ್ಪತ್ತೊಂದು ವರ್ಷ. ಚಿತ್ರಗಾರನೆಂದಲ್ಲದೆ ಗ್ರಂಥಕರ್ತನೆಂದು ಅವನನ್ನು ಬಲ್ಲವರು ವಿರಳ. ನಾಂಪೊವಿನ ಹೊಗಳಿಕೆಯಿಂದ ಅವನ ಹೆಸರು ನಗರದಲ್ಲೆಲ್ಲ ಹರಡಿತು; ಮುಂದೆ ಆ ಕಾಲದ ಪ್ರಮುಖ ಲೇಖಕರಲ್ಲಿ ಅವನೊಬ್ಬನಾದನು. ಆಟ ಬಲ್ಲವನೊಬ್ಬನು ಪಕ್ಕದಲ್ಲಿ ಕುಳಿತು ನೋಡಿ, ಇವನು ಚೆನ್ನಾಗಿ ಆಡುತ್ತಾನೆಂದು ಗಟ್ಟಿಯಾಗಿ ಹೇಳಿದನು. ಚಿತ್ರಕಥೆಗೆ ದೊರೆತ ಮೊದಲನೆಯ ತೀರ್ಪುಗಾರನು ಇಂಥವನು.

೨

ಎರಡನೆಯ ತೀರ್ಪುಗಾರನು ಬರಲು ತಡವಾಗಲಿಲ್ಲ. ೧೭೮೭ರಲ್ಲಿ ಮತ್ಸುದೈರಾ ಸದನೊಬು ಎಂಬ ಮಂತ್ರಿಯು ಅಧಿಕಾರಕ್ಕೆ ಬಂದು ಮಿತವ್ಯಯ, ಶಸ್ತ್ರಾಭ್ಯಾಸ, ವಿದ್ಯಾಭ್ಯಾಸಗಳೆಂದು ಪ್ರಜೆಗಳಿಗೆ ಉಪದೇಶಿಸತೊಡಗಿದನು. ಹರುಮಾಚಿಯು ಆ ಉಪದೇಶವನ್ನೇ ಹಾಸ್ಯಕ್ಕೆ ಗುರಿಮಾಡಿ ಒಂದು ಚಿತ್ರಕಥೆ ಬರೆದನು. ೧೭೮೯ರಲ್ಲಿ ಅವನಿಗೆ ಕರೆ ಬಂದಿತು. ಕಾಯಿಲೆಯೆಂದು ಹೇಳಿ ಅವನು ಹೋಗಲಿಲ್ಲ; ಅದೇ ವರ್ಷ ತೀರಿಕೊಂಡನು. ಮರುವರ್ಷ ಪುಸ್ತಕ ಪ್ರಕಟನೆಯ ಮೇಲೆ ಕಟ್ಟುನಿಟ್ಟಾದ ಆಜ್ಞೆಗಳು ಹೊರಟವು. ೧೭೯೧ರಲ್ಲಿ ಕ್ಯೋದೆನನು ಬೇರೊಂದು ಜಾತಿಯ ವಿನೋದಪುಸ್ತಕಗಳನ್ನು ಬರೆದುದಕ್ಕಾಗಿ ಐವತ್ತು ದಿನ ಕೈಕೋಳ ತೊಟ್ಟು ಮನೆಯಲ್ಲಿ ಕುಳಿತಿರಬೇಕಾಯಿತು. ಅವನ ಪ್ರಕಾಶಕ ತ್ಸುತಾಯಾ ಜುಜಬುರೊ ಭಾರಿ ದಂಡ ತೆತ್ತನು. ಆಮೇಲಿನ ಹಳದಿ ಪುಸ್ತಕಗಳು ನೀತಿಕಥೆಗಳಾದವು. ಕ್ರಮೇಣ ಅವುಗಳ ಕಾಲವೇ ಮುಗಿಯಿತು.

ವಿಮರ್ಶಕನ ತೀರ್ಪಿಗೂ ಆಳುವವನ ತೀರ್ಪಿಗೂ ಇರುವ ಅಂತರವನ್ನು ಇಲ್ಲಿ ಗಮನಿಸಬೇಕು. ಮೊದಲನೆಯವನು ಈ ಪುಸ್ತಕ ಹೇಗಿದೆಯೆಂದು ಕೇಳಿದನು. ಎರಡನೆಯವನು ಈ ಪುಸ್ತಕದಿಂದ ಏನಾದೀತೆಂದು ಕೇಳಿದನು. ಎರಡನೆಯ ಪ್ರಶ್ನೆ ಅಲ್ಪವಾದುದೆಂದು ನಾನು ಹೇಳುವುದಿಲ್ಲ. ಮಕ್ಕಳಿರುವ ಮನೆಯಲ್ಲಿ ಅದು ಏಳದೆ ಇರದು. ಆದರೆ ಮೊದಲನೆಯ ಪ್ರಶ್ನೆಯನ್ನು ಕೇಳದೆಯೇ ಎರಡನೆಯದಕ್ಕೆ ಉತ್ತರ ಕೊಡಹೊರಟವರು ಎಲ್ಲ ಕಾಲಗಳಲ್ಲಿಯೂ ಎಡವಿದ್ದಾರೆ.

ಇದಕ್ಕೆ ದೃಷ್ಟಾಂತವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನು ಸೋತು ನೆಲಕಚ್ಚಿದ ಮೇಲೆ, ೧೯೪೭ರಲ್ಲಿ, ಓಸಾಕಾ ನಗರದಿಂದ 'ಹೊಸ ನಿಧಿದ್ವೀಪ' ಎಂಬ ಅರ್ಥದ ಹೆಸರಿನ ಅಗ್ಗದ ಚಿತ್ರಪುಸ್ತಕವೊಂದು ಹೊರಬಿದ್ದಿತು. ಕಥೆ ಸಕಾಯಿ ಶಿಚಿಮಾ ಎಂಬುವರದು. ಚಿತ್ರ ತೆಜುಕಾ ಒಸಾಮು ಎಂಬ ಹದಿನೆಂಟು ವಯಸ್ಸಿನ ವೈದ್ಯವಿದ್ಯಾರ್ಥಿಯದು. ಓಡುವ ಮೋಟಾರು ಗಾಡಿಯನ್ನು ಚಲಚ್ಚಿತ್ರದಲ್ಲಿ ನೋಡಿದಂತೆ ತೋರಿಸಿದ ಆ ಪುಟಗಳನ್ನು ಕಂಡು ಹಸಿದ ಮಕ್ಕಳು ಹಸಿವನ್ನು ಮರೆತರು. ನಾಲ್ಕು ಲಕ್ಷ ಪ್ರತಿಗಳು ಮಾರಾಟವಾದವೆಂದು ಹೇಳುತ್ತಾರೆ. ತೆಜುಕಾ ವೈದ್ಯನಾಗಿ ಉತ್ತೀರ್ಣನಾದರೂ ಕಡೆಗೆ ಹಿಡಿದದ್ದು ಲೇಖನಿಯನ್ನೇ. ಹೀಗಿರಲು ೧೯೫೫ರಲ್ಲಿ ತಾಯಂದಿರ ಸಂಘಗಳೂ ಉಪಾಧ್ಯಾಯರೂ ಸೇರಿ 'ಕೆಟ್ಟ ಪುಸ್ತಕಗಳನ್ನು ಓಡಿಸುವ' ಚಳವಳಿಯನ್ನು ಹೂಡಿದರು. ತೆಜುಕಾನ ಕೃತಿಗಳೂ ಆ ಆಕ್ಷೇಪಣೆಗೆ ಸಿಕ್ಕಿದವು. ಅದಕ್ಕೆ ಒಂದು ವರ್ಷ ಮೊದಲು ಅಮೆರಿಕದಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯನ ಗ್ರಂಥದಿಂದ ಗಲಭೆಯೆದ್ದು, ಅಲ್ಲಿಯ ಪ್ರಕಾಶಕರು ತಮ್ಮ ಮೇಲೆ ತಾವೇ ನಿಯಮಾವಳಿಯೊಂದನ್ನು ಹೇರಿಕೊಂಡಿದ್ದರು. ಅಮೆರಿಕದ ಚಿತ್ರಕಥೆ ಆ ನಿಯಮದ ಅಡಿಯಲ್ಲಿ ಬಹುಕಾಲ ಮುದುಡಿತು. ಜಪಾನಿನದು ಮುದುಡಲಿಲ್ಲ. ಏಕೆಂದರೆ ಅಲ್ಲಿ ಮೂರನೆಯ ತೀರ್ಪುಗಾರನು ಸಿದ್ಧನಾಗುತ್ತಿದ್ದನು.

೩

೧೯೫೯ನೆಯ ಇಸವಿ ಮಾರ್ಚ್ ತಿಂಗಳ ೧೭ನೆಯ ತಾರೀಖು ಈ ಚರಿತ್ರೆಯಲ್ಲಿ ನೆನಪಿಡತಕ್ಕ ದಿನ. ಅಂದು ಟೋಕಿಯೋವಿನ ಎರಡು ದೊಡ್ಡ ಪ್ರಕಾಶನ ಸಂಸ್ಥೆಗಳು ಒಂದೇ ದಿನ ಹುಡುಗರಿಗಾಗಿ ಎರಡು ವಾರಪತ್ರಿಕೆಗಳನ್ನು ಹೊರತಂದವು. ಕೊಡಾನ್ಷಾ ಸಂಸ್ಥೆಯದು 'ಶೋನೆನ್ ಮ್ಯಾಗಜಿನ್'. ಶೊಗಾಕುಕಾನ್ ಸಂಸ್ಥೆಯದು 'ಶೋನೆನ್ ಸಂಡೇ'. 'ಶೋನೆನ್' ಎಂದರೆ ಹುಡುಗ. ಮೊದಲನೆಯದರ ಮುಖಪುಟದ ಮೇಲೆ ಅಸಾಶಿಯೊ ಎಂಬ ಸುಮೋ ಜಟ್ಟಿಯ ಚಿತ್ರ. ಎರಡನೆಯದರ ಮೇಲೆ ನಾಗಾಶಿಮಾ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರ. ಒಳಗೆ ಆಟಪಾಟಗಳ ಸುದ್ದಿಯೂ ಲೇಖನಗಳೂ ಇದ್ದವು. ಚಿತ್ರಕಥೆ ಅವುಗಳಲ್ಲಿ ಒಂದು ಭಾಗ ಮಾತ್ರ.

ಅದುವರೆಗೆ ಮಕ್ಕಳ ಪತ್ರಿಕೆಗಳು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬರುತ್ತಿದ್ದವು. ವಾರಕ್ಕೊಮ್ಮೆ ಬರಬೇಕಾದ ಅವಶ್ಯಕತೆ ಏನಿತ್ತೆಂದರೆ, ಆ ವರ್ಷಗಳಲ್ಲಿಯೇ ಜಪಾನಿನ ಮನೆಗಳಿಗೆ ದೂರದರ್ಶನ ಯಂತ್ರ ಪ್ರವೇಶಿಸುತ್ತಿದ್ದಿತು. ೧೯೫೯ರ ಏಪ್ರಿಲಿನಲ್ಲಿ ನಡೆದ ಯುವರಾಜನ ವಿವಾಹವನ್ನು ನೋಡುವುದಕ್ಕೆಂದೇ ಅನೇಕರು ಅದನ್ನು ಕೊಂಡರು. ವಾರವಾರವೂ ಅದೇ ದಿನ ಅದೇ ವೇಳೆಗೆ ಕಥೆಯ ಮುಂದಿನ ಭಾಗವನ್ನು ನೋಡುವ ಅಭ್ಯಾಸ ಮಕ್ಕಳಿಗೆ ಅಂಟಿತು. ತಿಂಗಳ ಪತ್ರಿಕೆ ಅವರಿಗೆ ಎತ್ತಿನ ಗಾಡಿಯಂತೆ ಕಂಡಿತು. ಪ್ರಕಾಶಕರು ಕಾಲದ ನಾಡಿಯನ್ನು ಸರಿಯಾಗಿ ಹಿಡಿದರು. ಕೆಲವೇ ವರ್ಷಗಳಲ್ಲಿ ಲೇಖನಗಳು ಹಿಂದೆ ಸರಿದು ಚಿತ್ರಕಥೆಗಳೇ ಪತ್ರಿಕೆಯನ್ನು ತುಂಬಿದವು. ಹುಡುಗಿಯರಿಗಾಗಿಯೂ ವಾರಪತ್ರಿಕೆಗಳು ಹುಟ್ಟಿದವು.

ವಾರದ ಗಡುವಿನಿಂದ ಕಥೆಯ ಶರೀರವೇ ಬದಲಾಯಿತು. ಪ್ರತಿ ಕಂತಿನ ಕೊನೆಯ ಪುಟದಲ್ಲಿ ಓದುಗನ ಉಸಿರು ನಿಲ್ಲಬೇಕು. ಮುಂದಿನ ವಾರ ಅವನು ಕಾಸು ಹಿಡಿದು ಅಂಗಡಿಯ ಮುಂದೆ ನಿಲ್ಲಬೇಕು. ಒಂಟಿಯಾಗಿ ಬರೆಯುತ್ತಿದ್ದ ಚಿತ್ರಕಾರನಿಗೆ ಈಗ ಹಿನ್ನೆಲೆಯನ್ನು ಬರೆಯಲು ಒಬ್ಬ, ಮಸಿ ತುಂಬಲು ಒಬ್ಬ, ಗೆರೆ ಎಳೆಯಲು ಒಬ್ಬ ಎಂದು ಶಿಷ್ಯರ ಗುಂಪು ಬೇಕಾಯಿತು. ಬರೆದ ಪುಟವನ್ನು ತಿದ್ದುವುದಕ್ಕೂ ಸಮಯವಿಲ್ಲ. ತಪ್ಪಾದರೆ ಆ ತಪ್ಪನ್ನೇ ಕಥೆಯಾಗಿ ಮಾಡಬೇಕು. ೧೯೬೮ರಿಂದ ೧೯೭೩ರವರೆಗೆ 'ಮ್ಯಾಗಜಿನ್' ಪತ್ರಿಕೆಯಲ್ಲಿ ಬಂದ 'ನಾಳಿನ ಜೋ' ಎಂಬ ಮುಷ್ಟಿಯುದ್ಧದ ಕಥೆಯಲ್ಲಿ ಹೀಗೆಯೇ ಆಯಿತು. ಚಿತ್ರಕಾರ ಚಿಬಾ ತೆತ್ಸುಯಾ ನಾಯಕನ ಎದುರಾಳಿ ರಿಕಿಶಿಯನ್ನು ಮೊದಲ ಬಾರಿಗೆ ಚಿತ್ರಿಸುವಾಗ ನಾಯಕನಿಗಿಂತ ತೀರ ದೊಡ್ಡ ಆಳಾಗಿ ಬರೆದುಬಿಟ್ಟನು. ಅಷ್ಟು ತೂಕದ ಅಂತರವಿದ್ದರೆ ಇಬ್ಬರೂ ಒಂದೇ ಅಖಾಡದಲ್ಲಿ ಹೋರಾಡುವಂತಿಲ್ಲ. ಆದುದರಿಂದ ಅನ್ನನೀರು ಬಿಟ್ಟು ದೇಹವನ್ನು ಒಣಗಿಸಿಕೊಳ್ಳುವ ವ್ರತವನ್ನು ಕಥೆಗಾರನು ಆ ಎದುರಾಳಿಗೆ ವಿಧಿಸಬೇಕಾಯಿತು. ಅವನು ಗೆದ್ದನು, ಗೆದ್ದು ಸತ್ತನು.

ಅನಂತರ ನಡೆದದ್ದು ಕೇಳುವವರಿಗೆ ಸೋಜಿಗವಾಗಿ ತೋರಬಹುದು. ೧೯೭೦ನೆಯ ಇಸವಿ ಮಾರ್ಚ್ ೨೪ರಂದು, ಕಾಗದದ ಮೇಲೆ ಮಾತ್ರ ಬದುಕಿದ್ದ ಆ ರಿಕಿಶಿಗೆ, ಕವಿಯೂ ನಾಟಕಕಾರನೂ ಆಗಿದ್ದ ತೆರಾಯಾಮಾ ಶೂಜಿಯ ಮುಂದಾಳುತನದಲ್ಲಿ ಕೊಡಾನ್ಷಾ ಸಂಸ್ಥೆಯ ಸಭಾಂಗಣದಲ್ಲಿ ಉತ್ತರಕ್ರಿಯೆ ನಡೆಯಿತು. ಬೌದ್ಧಭಿಕ್ಷು ಮಂತ್ರ ಪಠಿಸಿದನು. ಸುಮಾರು ಏಳುನೂರು ಮಂದಿ ಬಂದು ಸೇರಿದರು. ಅವರಲ್ಲಿ ಮಕ್ಕಳೂ ಇದ್ದರು, ವಿದ್ಯಾರ್ಥಿಗಳೂ ಇದ್ದರು, ಕೆಲಸ ಮಾಡುವ ತರುಣರೂ ಇದ್ದರು. ಗಮಕಿಯು ಅಭಿಮನ್ಯುವಿನ ಮರಣವನ್ನು ಓದುವಾಗ ಕಣ್ಣೀರು ಒರೆಸಿಕೊಂಡ ನಮ್ಮ ಹಿರಿಯರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಮೂರನೆಯ ತೀರ್ಪುಗಾರನು ಇವನೇ: ವಾರದ ಓದುಗನು.

೪

ಈ ಓದುಗನ ತೀರ್ಪನ್ನು ಎಣಿಸಿ ತೂಗುವ ಯಂತ್ರವನ್ನು ನಿರ್ಮಿಸಿದ್ದು ಶೂಎಯ್ಶಾ ಎಂಬ ಇನ್ನೊಂದು ಸಂಸ್ಥೆ. ೧೯೬೮ರಲ್ಲಿ ಅದು 'ಶೋನೆನ್ ಜಂಪ್' ಪತ್ರಿಕೆಯನ್ನು ಆರಂಭಿಸಿತು. ಮೊದಲು ತಿಂಗಳಿಗೆ ಎರಡು ಸಲ, ೧೯೬೯ರಿಂದ ವಾರಕ್ಕೊಮ್ಮೆ. ಹೆಸರಾಂತ ಚಿತ್ರಕಾರರೆಲ್ಲರೂ ಮೊದಲಿನ ಎರಡು ಪತ್ರಿಕೆಗಳ ಕೈಯಲ್ಲಿದ್ದುದರಿಂದ ಇವರು ಹೊಸಬರನ್ನೇ ನೆಚ್ಚಬೇಕಾಯಿತು. ಹೊಸಬರಲ್ಲಿ ಯಾರು ಗಟ್ಟಿ, ಯಾರು ಜೊಳ್ಳು ಎಂದು ತಿಳಿಯುವುದು ಹೇಗೆ? ಪ್ರತಿ ಸಂಚಿಕೆಯೊಡನೆಯೂ ಒಂದು ಅಂಚೆಕಾರ್ಡು ಇಟ್ಟರು. ಈ ವಾರ ಯಾವ ಮೂರು ಕಥೆಗಳು ನಿನಗೆ ಹಿಡಿಸಿದವೆಂದು ಬರೆದು ಕಳುಹಿಸೆಂದು ಹುಡುಗರನ್ನು ಕೇಳಿದರು. ಕಳುಹಿಸಿದವರಲ್ಲಿ ಕೆಲವರಿಗೆ ಚೀಟಿ ಎತ್ತಿ ಬಹುಮಾನ ಹಂಚಿದರು. ಬಂದ ಕಾರ್ಡುಗಳನ್ನು ಎಣಿಸಿ ಕಥೆಗಳಿಗೆ ವಾರವಾರವೂ ಸ್ಥಾನ ಕೊಟ್ಟರು. ಕೆಳಗಿನ ಸ್ಥಾನದಲ್ಲಿಯೇ ಉಳಿದ ಕಥೆ ಹತ್ತು ವಾರಗಳ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಅದರ ಸ್ಥಳಕ್ಕೆ ಹೊಸದು ಬರುತ್ತಿತ್ತು. ಹತ್ತು ವರ್ಷದ ಬಾಲಕನೊಬ್ಬನು ಅಡಿಗೆಮನೆಯ ಮೂಲೆಯಲ್ಲಿ ಕುಳಿತು ಬರೆದ ಕಾರ್ಡಿಗೆ ಇಷ್ಟು ಶಕ್ತಿ ಬೇರಾವ ದೇಶದ ಸಾಹಿತ್ಯದಲ್ಲಿಯಾದರೂ ಇದ್ದೀತೇ ಎಂದು ನನಗೆ ಸಂದೇಹ.

ಇದರ ಫಲವನ್ನು ಸಂಖ್ಯೆಗಳೇ ಹೇಳುತ್ತವೆ. ೧೯೯೪ರ ಕೊನೆಯಲ್ಲಿ ಅಂಗಡಿಗೆ ಬಂದ ೧೯೯೫ರ ಹೊಸವರ್ಷದ ಸಂಚಿಕೆಯನ್ನು ೬೫ ಲಕ್ಷ ೩೦ ಸಾವಿರ ಪ್ರತಿಗಳಷ್ಟು ಅಚ್ಚು ಹಾಕಿದರು. ಒಂದು ವಾರಕ್ಕೆ, ಒಂದು ಭಾಷೆಯಲ್ಲಿ!

ಓದುಗನ ಮತ ಕಥೆಯನ್ನು ಕೆಡಿಸಿತೆಂದು ಮಾತ್ರ ಹೇಳಿದರೆ ಅನ್ಯಾಯವಾದೀತು. ೧೯೭೨ರಲ್ಲಿ ಇಕೆದಾ ರಿಯೊಕೊ ಎಂಬ ಯುವತಿ ಹುಡುಗಿಯರ 'ಮಾರ್ಗರೆಟ್' ವಾರಪತ್ರಿಕೆಯಲ್ಲಿ ಫ್ರಾನ್ಸಿನ ಮಹಾಕ್ರಾಂತಿಯ ಕಥೆಯನ್ನು ಆರಂಭಿಸಿದಳು. ಚರಿತ್ರೆ ಹುಡುಗಿಯರಿಗೆ ರುಚಿಸದೆಂದು ಸಂಪಾದಕರು ಹಿಂಜರಿದರು. ಜನಪ್ರಿಯವಾಗದಿದ್ದರೆ ನಿಲ್ಲಿಸಿಬಿಡುತ್ತೇನೆಂದು ಅವಳು ಮಾತು ಕೊಟ್ಟಳು. ರಾಣಿ ಮೇರಿ ಆಂತ್ವಾನೆತ್ ಕಥೆಯ ನಾಯಿಕೆಯಾಗಬೇಕೆಂಬುದು ಅವಳ ಸಂಕಲ್ಪ. ಆದರೆ ಓದುಗರ ಮನಸ್ಸನ್ನು ಸೆಳೆದವಳು ರಾಣಿಯಲ್ಲ. ಗಂಡಿನಂತೆ ಬೆಳೆದು ಅರಮನೆಯ ಕಾವಲುಪಡೆಯ ಮುಖ್ಯಸ್ಥೆಯಾದ ಆಸ್ಕರ್ ಎಂಬ ಕಲ್ಪಿತ ಪಾತ್ರ. ಕಥೆ ಅವಳ ಕಡೆಗೆ ವಾಲಿತು. 'ವರ್ಸಾಯಿಯ ಗುಲಾಬಿ' ಎಂಬ ಆ ಕೃತಿ ೧೯೭೩ರಲ್ಲಿ ಮುಗಿದರೂ ಇಂದಿಗೂ ಬಾಡಿಲ್ಲ. ಹುಡುಗಿಯರಿಗೆ ಚರಿತ್ರೆ ಬೇಡವೆಂಬ ದೊಡ್ಡವರ ತೀರ್ಪನ್ನು ಹುಡುಗಿಯರೇ ತಳ್ಳಿಹಾಕಿದರು. ಅದೇ ೧೯೭೩ರಲ್ಲಿ ತೆಜುಕಾ ಒಸಾಮುವಿನ ಚಲಚ್ಚಿತ್ರ ಸಂಸ್ಥೆ ದಿವಾಳಿಯೆದ್ದಿತು. ಅವನ ಕಾಲ ಮುಗಿಯಿತೆಂದು ಎಲ್ಲರೂ ಆಡಿಕೊಂಡರು. 'ಚಾಂಪಿಯನ್' ವಾರಪತ್ರಿಕೆಯ ಸಂಪಾದಕನು ಹಿರಿಯ ಕಲಾವಿದನಿಗೆ ಗೌರವದ ಬೀಳ್ಕೊಡುಗೆಯೆಂಬಂತೆ ಕೆಲವೇ ಕಂತುಗಳಿಗೆ ಸ್ಥಳ ಕೊಟ್ಟನು. ಅಧಿಕಾರಪತ್ರವಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವ 'ಬ್ಲ್ಯಾಕ್ ಜಾಕ್' ಎಂಬ ವೈದ್ಯನ ಆ ಕಥೆ ಓದುಗರ ಒಲವಿನಿಂದ ಹತ್ತು ವರ್ಷ ನಡೆಯಿತು. ಕಲಿತ ವೈದ್ಯವಿದ್ಯೆ ಅಂತೂ ವ್ಯರ್ಥವಾಗಲಿಲ್ಲ!

ಆದರೂ ನಾಣ್ಯಕ್ಕೆ ಇನ್ನೊಂದು ಮುಖವುಂಟು. ೧೯೮೪ರಲ್ಲಿ ತೊರಿಯಾಮಾ ಅಕಿರಾ ಎಂಬುವನು ಚೀನಾದೇಶದ ಹಳೆಯ 'ಪಶ್ಚಿಮಯಾತ್ರೆ'ಯ ಕಥೆಯಿಂದ ಸ್ಫೂರ್ತಿ ಪಡೆದು, ಬಾಲವುಳ್ಳ ಹುಡುಗನೊಬ್ಬನು ಏಳು ಮಾಯದ ಗುಂಡುಗಳನ್ನು ಹುಡುಕಿಕೊಂಡು ಹೋಗುವ 'ಡ್ರಾಗನ್ ಬಾಲ್' ಎಂಬ ಲಘುವಾದ ಅಲೆದಾಟದ ಕಥೆಯನ್ನು 'ಜಂಪ್' ಪತ್ರಿಕೆಯಲ್ಲಿ ತೊಡಗಿದನು. ಮತ ಕೆಳಗಿಳಿಯಿತು. ಆಗ ಅವನು ಕಥೆಯನ್ನು ಮಲ್ಲಯುದ್ಧದ ಪಂದ್ಯಗಳ ಕಡೆಗೆ ತಿರುಗಿಸಿದನು, ಮತ ಮೇಲೇರಿತು, ಕಥೆ ೧೯೯೫ರವರೆಗೆ ನಡೆದು ಲೋಕಪ್ರಸಿದ್ಧವಾಯಿತು. ಅಲೆದಾಟದ ಕಥೆಯಾಗಿಯೇ ಉಳಿದಿದ್ದರೆ ಏನಾಗುತ್ತಿತ್ತೆಂದು ಈಗ ಯಾರೂ ಹೇಳಲಾರರು. ಆಮೇಲೆ ಬಂದವರೆಲ್ಲ ತಮ್ಮ ಕಥೆಯಲ್ಲಿಯೂ ಒಂದು ಪಂದ್ಯವನ್ನು ಇಡತೊಡಗಿದರು. ಗೆದ್ದ ಎತ್ತಿನ ಹೆಜ್ಜೆಯಲ್ಲಿಯೇ ಎಲ್ಲ ಎತ್ತುಗಳೂ ನಡೆದರೆ ಹೊಲದಲ್ಲಿ ಒಂದೇ ಸಾಲು ಬೀಳುತ್ತದೆ. ಅಲ್ಲದೆ ವಾರಕ್ಕೆ ಹತ್ತೊಂಬತ್ತು ಪುಟಗಳನ್ನು ವರ್ಷಗಟ್ಟಲೆ ಬರೆಯುವ ಕೈಗಳ ದಣಿವನ್ನು ಕಾರ್ಡು ಕೇಳುವುದಿಲ್ಲ. ಪೋಲೀಸು ಠಾಣೆಯೊಂದರ ಹಾಸ್ಯಕಥೆಯನ್ನು ೧೯೭೬ರಿಂದ ೨೦೧೬ರವರೆಗೆ ನಲವತ್ತು ವರ್ಷ ಒಂದು ವಾರವೂ ತಪ್ಪದೆ ಬರೆದು ಇನ್ನೂರು ಸಂಪುಟಗಳಾಗಿ ಮುಗಿಸಿದ ಅಕಿಮೊತೊ ಒಸಾಮುವಿನಂಥವರು ವಿರಳ. ನಿದ್ದೆಗೆಟ್ಟು ಆರೋಗ್ಯ ಕಳೆದುಕೊಂಡವರೇ ಬಹಳ.

೫

ಈಗ ಈ ಲೇಖನದ ಹೃದಯಕ್ಕೆ ಬರುತ್ತೇನೆ. ೧೯೪೫ನೆಯ ಇಸವಿ ಆಗಸ್ಟ್ ೬ರ ಬೆಳಿಗ್ಗೆ ಹಿರೋಶಿಮಾ ನಗರದಲ್ಲಿ ಆರು ವರ್ಷದ ಬಾಲಕನೊಬ್ಬನು ಶಾಲೆಯ ಗೋಡೆಯ ಮರೆಯಲ್ಲಿ ನಿಂತಿದ್ದನು. ಆ ಗೋಡೆ ಅವನನ್ನು ಉಳಿಸಿತು. ಅವನ ತಂದೆಯೂ ಅಕ್ಕನೂ ತಮ್ಮನೂ ಮಡಿದರು. ತುಂಬುಗರ್ಭಿಣಿಯಾಗಿದ್ದ ತಾಯಿ ಅದೇ ದಿನ ಹೆಣ್ಣುಮಗುವನ್ನು ಹೆತ್ತಳು. ಆ ಶಿಶುವೂ ಕೆಲವು ತಿಂಗಳಲ್ಲಿ ತೀರಿಕೊಂಡಿತು. ಆ ಬಾಲಕನೇ ನಾಕಾಜಾವಾ ಕೇಜಿ. ತೆಜುಕಾನ 'ಹೊಸ ನಿಧಿದ್ವೀಪ'ವನ್ನು ಓದಿ ಚಿತ್ರಕಾರನಾಗಬೇಕೆಂದು ನಿಶ್ಚಯಿಸಿ, ಟೋಕಿಯೋವಿಗೆ ಬಂದು, ಬಾಂಬಿನ ಮಾತನ್ನೇ ಎತ್ತದೆ ಬಾಲಕರ ಸಾಹಸಕಥೆಗಳನ್ನು ಬರೆದುಕೊಂಡಿದ್ದನು. ೧೯೬೬ರಲ್ಲಿ ತಾಯಿ ತೀರಿಕೊಂಡಳು. ದಹನವಾದ ಮೇಲೆ ಅಸ್ಥಿಯನ್ನು ಆಯುವುದು ನಮ್ಮಲ್ಲಿರುವಂತೆ ಅವರಲ್ಲಿಯೂ ಸಂಪ್ರದಾಯ. ಆಯಲು ಹೋದರೆ ಬೂದಿಯ ಹೊರತು ಎಲುಬಿನ ಆಕಾರವೇ ಉಳಿದಿರಲಿಲ್ಲ. ಬಾಂಬು ನನ್ನ ತಾಯಿಯ ಎಲುಬನ್ನೂ ಕಸಿದುಕೊಂಡಿತೆಂಬ ಕ್ರೋಧ ಅವನನ್ನು ಬರೆಯಿಸಿತು. ಮೊದಲು ಬರೆದ ಕಥೆಯನ್ನು ದೊಡ್ಡ ಪತ್ರಿಕೆಗಳು ಸ್ವೀಕರಿಸಲಿಲ್ಲ.

೧೯೭೨ರಲ್ಲಿ 'ಜಂಪ್' ಬಳಗದ ಮಾಸಪತ್ರಿಕೆಯಲ್ಲಿ ಅವನ 'ನಾನು ಕಂಡೆ' ಎಂಬ ಆತ್ಮಕಥೆ ಬಂದಿತು. ವಾರಪತ್ರಿಕೆಯ ಸಂಪಾದಕ ನಗಾನೊ ತದಾಸು ಅದನ್ನು ಓದಿ, ಇದನ್ನು ದೀರ್ಘವಾಗಿ ಬರೆಯಬೇಕೆಂದು ಹುರಿದುಂಬಿಸಿದನು. ೧೯೭೩ರಲ್ಲಿ 'ಬರಿಗಾಲ ಗೆನ್' ಆರಂಭವಾಯಿತು. ಅಂಚೆಕಾರ್ಡಿನ ಪತ್ರಿಕೆಯಲ್ಲಿ, ಪಂದ್ಯಗಳ ಕಥೆಗಳ ಮಧ್ಯದಲ್ಲಿ, ಚರ್ಮ ಸುಲಿದು ಕೈ ಚಾಚಿಕೊಂಡು ನಡೆದುಬರುವ ಮನುಷ್ಯರ ಸಾಲು ಮೂಡಿತು. ಯುದ್ಧವನ್ನು ಎದುರಿಸಿ ಮಾತನಾಡಿದ ತಂದೆಯನ್ನು ನೆರೆಹೊರೆಯವರೇ ದೇಶದ್ರೋಹಿಯೆಂದು ಹಳಿಯುವ ದೃಶ್ಯವೂ ಮೂಡಿತು. ಬಾಂಬು ಹಾಕಿದವರನ್ನು ಮಾತ್ರವಲ್ಲದೆ ಯುದ್ಧಕ್ಕೆ ಹೊರಟ ಸ್ವದೇಶದ ಅಧಿಕಾರವನ್ನೂ ಆ ಕಥೆ ಕ್ಷಮಿಸಲಿಲ್ಲ.

ಕಾರ್ಡುಗಳ ಎಣಿಕೆಯೊಂದನ್ನೇ ನಂಬಿದ್ದರೆ ಇಂಥ ಕಥೆ ಹುಟ್ಟುತ್ತಲೇ ಇರಲಿಲ್ಲ. ಅದನ್ನು ಹುಟ್ಟಿಸಿದ್ದು ಒಬ್ಬ ಸಂಪಾದಕನ ವಿವೇಕ. ಎಂದರೆ ಓತಾ ನಾಂಪೊವಿನ ಆ ಹಳೆಯ ಪಕ್ಕದ ನೋಟ. ೧೯೭೪ರಲ್ಲಿ 'ಜಂಪ್' ಪತ್ರಿಕೆಯಲ್ಲಿ ಅದು ನಿಂತಿತು. ೧೯೭೫ರಲ್ಲಿ ಬೇರೊಂದು ಪ್ರಕಾಶನದವರು ಪುಸ್ತಕವಾಗಿ ತಂದರು. ಮುಂದಿನ ಕಂತುಗಳು ಬೇರೆ ಬೇರೆ ಸಣ್ಣ ಪತ್ರಿಕೆಗಳಲ್ಲಿ ಆಶ್ರಯ ಪಡೆದು ೧೯೮೭ರಲ್ಲಿ ಮುಗಿದವು, ಹತ್ತು ಸಂಪುಟಗಳಾದವು. ಜಪಾನಿನ ಶಾಲೆಗಳ ಪುಸ್ತಕಭಂಡಾರಗಳಲ್ಲಿ ಮಾಂಗಾ ಎಂಬುದಕ್ಕೆ ಬಾಗಿಲೇ ಇಲ್ಲದ ಕಾಲದಲ್ಲಿ ಈ ಪುಸ್ತಕ ಒಳಹೊಕ್ಕಿತು. ಸ್ವಯಂಸೇವಕರು ಗುಂಪುಕಟ್ಟಿ ಅದನ್ನು ಇಂಗ್ಲಿಷಿಗೂ ಇತರ ಭಾಷೆಗಳಿಗೂ ತಿರುಗಿಸಿದರು.

ಎರಡನೆಯ ತೀರ್ಪುಗಾರನು ಮಾತ್ರ ನಿದ್ರಿಸುವವನಲ್ಲ. ೨೦೧೨ರ ಡಿಸೆಂಬರಿನಲ್ಲಿ ಮತ್ಸುಯೆ ಎಂಬ ಊರಿನ ಶಿಕ್ಷಣಾಧಿಕಾರಿಗಳು, ಕೆಲವು ಚಿತ್ರಗಳು ಮಕ್ಕಳಿಗೆ ತೀರ ಉಗ್ರವೆಂದು, ಈ ಪುಸ್ತಕವನ್ನು ಮಕ್ಕಳ ಕೈಗೆ ಸಿಗದಂತೆ ಒಳಗಿಡಬೇಕೆಂದು ಶಾಲೆಗಳಿಗೆ ತಿಳಿಸಿದರು. ಅದೇ ತಿಂಗಳು ನಾಕಾಜಾವಾ ಕೇಜಿ ತೀರಿಕೊಂಡನು. ೨೦೧೩ರ ಆಗಸ್ಟಿನಲ್ಲಿ ವಿಷಯ ಬಯಲಾಗಿ ದೇಶದಲ್ಲೆಲ್ಲ ಆಕ್ಷೇಪವೆದ್ದುದರಿಂದ ಆ ನಿರ್ಬಂಧವನ್ನು ಹಿಂತೆಗೆದುಕೊಂಡರು. ೨೦೨೩ರಲ್ಲಿ ಹಿರೋಶಿಮಾ ನಗರವೇ ತನ್ನ ಪ್ರಾಥಮಿಕ ಶಾಲೆಗಳ ಶಾಂತಿಪಾಠದಿಂದ ಅದನ್ನು ಕೈಬಿಟ್ಟಿತು. ಆ ಬೆಳಗಿನಲ್ಲಿ ಬೆಂದದ್ದನ್ನು ಆರು ವರ್ಷದ ಮಗುವು ಕಂಡದ್ದು ಸತ್ಯ; ಅದನ್ನು ಇನ್ನೊಂದು ಮಗುವು ಚಿತ್ರದಲ್ಲಿ ಕಾಣಬಹುದೇ ಎಂಬುದು ಪ್ರಶ್ನೆ. ಇದಕ್ಕೆ ಸುಲಭವಾದ ಉತ್ತರ ನನ್ನಲ್ಲಿಲ್ಲ. ಆದರೆ ಕಪಾಟಿಗೆ ಬೀಗ ಹಾಕುವುದು ಉತ್ತರವಲ್ಲವೆಂದು ಮಾತ್ರ ಬಲ್ಲೆ. ಪಕ್ಕದಲ್ಲಿ ಕುಳಿತು ಓದುವ ಹಿರಿಯನೊಬ್ಬನಿದ್ದರೆ ಬೀಗದ ಅವಶ್ಯಕತೆ ಬಹುಮಟ್ಟಿಗೆ ತಪ್ಪುತ್ತದೆ.

೬

ಕಾಗದದ ವಾರಪತ್ರಿಕೆಯ ಮಧ್ಯಾಹ್ನ ಕಳೆಯಿತು. ೨೦೧೭ರಲ್ಲಿ 'ಜಂಪ್' ಪತ್ರಿಕೆಯ ಪ್ರತಿಗಳು ೨೦ ಲಕ್ಷಕ್ಕಿಂತ ಕೆಳಗಿಳಿದವು. ಓದುವವರು ಕಡಿಮೆಯಾದರೆಂದು ಇದರಿಂದ ಊಹಿಸಬಾರದು. ಓದು ಕಾಗದದಿಂದ ಫೋನಿಗೆ ಹಾರಿತು. ೨೦೧೯ರಿಂದ ಅದೇ ಸಂಸ್ಥೆಯು ಹೊಸ ಕಂತುಗಳನ್ನು ಜಪಾನಿನಲ್ಲಿ ಹೊರಬೀಳುವ ಗಳಿಗೆಯಲ್ಲಿಯೇ ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ದೇಶಾಂತರಗಳಿಗೆ ತಲುಪಿಸುತ್ತಿದೆ. ನಮ್ಮ ಹುಡುಗನ ಭಾನುವಾರದ ಎಂಟೂವರೆ ಗಂಟ ಹೀಗೆ ಬಂದದ್ದು.

ಕಂತಿಗಾಗಿ ಕಾಯುವ ಸುಖ ನಮಗೂ ಹೊಸದಲ್ಲ. ೧೯೪೯ರಲ್ಲಿ ಕನ್ನಡದ 'ಚಂದಮಾಮ' ಆರಂಭವಾದ ಮೇಲೆ ಎಷ್ಟು ಮನೆಗಳಲ್ಲಿ ಮಕ್ಕಳು ಅಂಚೆಯವನ ದಾರಿ ಕಾದರೆಂಬುದನ್ನು ಹಿರಿಯರು ಬಲ್ಲರು. 'ಅಮರ ಚಿತ್ರ ಕಥೆ'ಯನ್ನು ಬೆಳೆಸಿದ ಅನಂತ ಪೈಗಳು ನಮ್ಮ ಕಾರ್ಕಳದವರು. ಚಿತ್ರಕಥೆಯನ್ನು ನಾವು ಓದಿದೆವು, ಮಕ್ಕಳಿಗೆ ಓದಿಸಿದೆವು. ಆದರೆ ಕಾವ್ಯ ಕಾದಂಬರಿಗಳಿಗೆ ಕೊಟ್ಟ ವಿಮರ್ಶೆಯ ಗೌರವವನ್ನು ಅದಕ್ಕೆ ಕೊಟ್ಟದ್ದು ಅಪರೂಪ. ಬೇಡವೆಂದು ಗದರಿಸಿದೆವು, ಇಲ್ಲವೆ ಸುಮ್ಮನೆ ಬಿಟ್ಟೆವು. ಹೇಗಿದೆಯೆಂದು ಕೇಳಲಿಲ್ಲ.

'ಎಲ್ಲರೂ ಓದುತ್ತಾರೆ' ಎಂಬ ಮಾತು ಸುಳ್ಳೂ ಅಲ್ಲ, ನಿಕೃಷ್ಟವೂ ಅಲ್ಲ. ರಿಕಿಶಿಗಾಗಿ ಅತ್ತವರ, ಆಸ್ಕರಳನ್ನು ಮೇಲೆತ್ತಿದವರ ಮಾತು ಅದು. ಈ ವಾರ ಯಾವುದು ಹಿಡಿಸಿತೆಂದು ಅದು ಪ್ರಾಮಾಣಿಕವಾಗಿ ಹೇಳುತ್ತದೆ. ಇಪ್ಪತ್ತು ವರ್ಷದ ಮೇಲೆ ಯಾವುದು ಉಳಿಯತಕ್ಕದ್ದೆಂದು ಹೇಳಲು ಅದಕ್ಕೆ ಶಕ್ತಿಯಿಲ್ಲ. ಅದಕ್ಕೆ ಪಕ್ಕದಲ್ಲಿ ಕುಳಿತು ಎಂಟು ನಡೆ ಮುಂದೆ ನೋಡುವವನೊಬ್ಬನು ಬೇಕು. ಅವನು ಸಂಪಾದಕನಾಗಿರಬಹುದು, ವಿಮರ್ಶಕನಾಗಿರಬಹುದು, ಮನೆಯ ಮಾವನಾದರೂ ಆಗಿರಬಹುದು.

ಕಳೆದ ತಿಂಗಳು ನಾನು 'ಬರಿಗಾಲ ಗೆನ್' ಪುಸ್ತಕದ ಮೊದಲ ಸಂಪುಟವನ್ನು ಇಂಗ್ಲಿಷಿನಲ್ಲಿ ತರಿಸಿ ಹುಡುಗನ ಮೇಜಿನ ಮೇಲಿಟ್ಟೆನು. ಓದೆಂದು ಹೇಳಲಿಲ್ಲ. ನಾಲ್ಕು ದಿನ ಅದು ಅಲ್ಲಿಯೇ ಇತ್ತು. ಐದನೆಯ ದಿನ ರಾತ್ರಿ ಅವನು ಪುಸ್ತಕವನ್ನು ಹಿಡಿದು ನನ್ನ ಕೋಣೆಗೆ ಬಂದು, "ಮಾವ, ಇದು ನಿಜವಾಗಿ ನಡೆದದ್ದೇ?" ಎಂದು ಕೇಳಿದನು. "ಹೌದಪ್ಪ" ಎಂದೆನು. ಅವನು ನನ್ನ ಮಂಚದ ತುದಿಯಲ್ಲಿ ಕುಳಿತು ಮುಂದಿನ ಪುಟವನ್ನು ತಿರುವಿದನು. ನಾನು ದೀಪವನ್ನು ಅವನ ಕಡೆಗೆ ಸರಿಸಿದೆನು.